ಅಮ್ಮ ಮಲಗುವ ಸೌನಾ

ಅಣ್ಣನಿಗೆ,

ಮೊನ್ನೆ ನಿನ್ನ ಮನೆಗೆ ಬಂದಾಗ ನೀನು ಅಂಗಡಿಯಲ್ಲಿದ್ದೆ. ಎದುರಿಗೆ ಸಿಕ್ಕಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಕೋಣೆ ಒಡೆಸಿ ಸೌನಾ ಅಂತ ಆ ಬೆವರಿಳಿಸುವ ಬಿಸಿ ಕೋಣೆ ಮಾಡಿಸಿದಾಗ ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆ. "ದಿನಾ ಬಿಸೀಲಿ ಕೂತು ಬೆವರಿದ್ರೆ ಮಂಡಿನೋವು ಹೋಗುತ್ತೆ, ಬಿಪಿ ಇಳಿಯುತ್ತೆ, ಒಳ್ಳೇ ನಿದ್ದೆ ಬರುತ್ತೆ ಕಣೇ. ಎಲ್ಲಾ ಅಮ್ಮನಿಗೋಸ್ಕರ." ಅವಳ ಮಂಚ ಹಾಲಿಗೆ ಬಂತು, ಟಿವಿಯ ಮಗ್ಗುಲಿಗೆ. ಈಗ ಅಮ್ಮನ ಬಿಪಿ ಇಳಿದಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ.

ಇಳಿದಿರುವುದು ನಿಜ. ನಾನು ಬಂದಾಗ ಮಂಚ ಖಾಲಿಯಿತ್ತು. ಹುಡುಕಿದರೆ ಸೌನಾದೊಳಗೆ, ಮರದ ಹಲಗೆಯ ಮೇಲೆ, ಶಾಲು ಹೊದ್ದು ಮಲಗಿದ್ದಳು. ಅದರ ಕರೆಂಟ್ ಒಲೆ ತಣ್ಣಗಿತ್ತು.

"ಬಿಸಿ ನಂಗಾಗಲ್ಲ, ತಲೆ ಸುತ್ತುತ್ತೆ. ಆದ್ರೆ ಇಲ್ಲಿ ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಮಲಗಬಹುದು. ಅವನಿಗೆ ಹೇಳ್ಬೇಡ, ಪಾಪ, ಆಸೆಪಟ್ಟು ಮಾಡಿಸಿದಾನೆ" ಅಂದಳು.

ಆದರೂ ಹೇಳುತ್ತಿದ್ದೇನೆ. ಆ ಒಲೆಯ ಸ್ವಿಚ್ಚು ಹೊರಗಡೆ ಇದೆ, ಅಮ್ಮನಿಗೆ ಕಿವಿ ಮಂದ. ಅಂಗಡಿಯಿಂದ ಬಂದವನೇ ನೀನು ಅದನ್ನು ಒತ್ತಿ, ಒಳಗೆ ಬಿಸಿಯೇರುವವರೆಗೂ ಟಿವಿ ಮುಂದೆ ಕೂರುತ್ತೀಯಂತೆ, ಅತ್ತಿಗೆ ಹೇಳಿದರು. ಪಕ್ಕದ ಮಂಚ ಖಾಲಿ ಇದ್ದರೂ ಅದು ನಿನ್ನ ಕಣ್ಣಿಗೆ ಬೀಳುವುದಿಲ್ಲ.

ಕೋಣೆ ವಾಪಸ್ ಕೊಡು ಎಂದು ಕೇಳುವುದಿಲ್ಲ, ಕೇಳಿ ಸಾಕಾಗಿದೆ. ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ, ಸ್ವಿಚ್ಚಿನ ಪಕ್ಕ ಅಂಟಿಸು. "ಒಳಗೆ ಅಮ್ಮ ಇರಬಹುದು" ಎಂದಷ್ಟೇ ಬರೆದಿದ್ದೇನೆ.

ನಿನ್ನ ತಂಗಿ