ಹೆಸರಿನ ತುದಿಯ ಗುಳಿಗೆ

ರಾಜ್ಯದ ಹೊಸ ಔಷಧ ಮಾರಾಟ ನಿಯಮಗಳನ್ನು ತಿದ್ದಿ ತೀಡಿ ಅಂತಿಮಗೊಳಿಸಿದ ಹಿರಿಯ ಅಧಿಕಾರಿಯವರಿಗೆ,

ಮಾನ್ಯರೇ,

ಮೊದಲು ನಿಮಗೊಂದು ಸಂತೋಷದ ಸುದ್ದಿ. ನಿಮ್ಮ ನಿಯಮ ಗಜೇಂದ್ರಗಡದಲ್ಲಿ ಚಾಚೂ ತಪ್ಪದೆ ಜಾರಿಯಾಗಿದೆ. ಜಾರಿ ಮಾಡಿದವಳು ನಾನೇ. ಮೂರ್ಛೆ ರೋಗಕ್ಕೆ ಆರು ವರ್ಷದಿಂದ ನನ್ನ ಅಂಗಡಿಯಲ್ಲೇ ಗುಳಿಗೆ ಒಯ್ಯುತ್ತಿದ್ದ ನೇಕಾರರ ಮನೆಯ ಹುಡುಗಿಯನ್ನು, ಹೊಸ ಚೀಟಿ ತಂದಿಲ್ಲವೆಂದು ಬರಿಗೈಯಲ್ಲಿ ವಾಪಸು ಕಳಿಸಿದೆ. ಆರನೆಯ ದಿನ ಅವಳು ಫಿಟ್ಸ್ ಬಂದು ಮಗ್ಗದ ಮೇಲೆ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ನಿಯಮಕ್ಕೆ ಮಾತ್ರ ಎಲ್ಲಿಯೂ ಪೆಟ್ಟಾಗಲಿಲ್ಲ. ಇಂಥ ಸಾಧನೆಗೆ ನಮ್ಮಿಬ್ಬರಿಗೂ ಒಂದೊಂದು ಶಾಲು ಹೊದಿಸಬೇಕು. ನನ್ನ ಪಾಲಿನದನ್ನು ನಾನು ಆಗಲೇ ಹೊದ್ದು ಕೂತಿದ್ದೇನೆ; ನಿಮ್ಮ ಪಾಲಿನದನ್ನು ತಲುಪಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕಲ್ಲ. ಬಸ್ ನಿಲ್ದಾಣದ ಎದುರು ಇಪ್ಪತ್ತೆರಡು ವರ್ಷದಿಂದ ಔಷಧ ಅಂಗಡಿ ನಡೆಸುತ್ತಿರುವ ನೋಂದಾಯಿತ ಫಾರ್ಮಾಸಿಸ್ಟ್. ಡಿಪ್ಲೊಮಾ ಪ್ರಮಾಣಪತ್ರ ನಿಮ್ಮ ಇಲಾಖೆ ಹೇಳಿದಂತೆ ಗಿರಾಕಿಗಳಿಗೆ ಕಾಣುವ ಗೋಡೆಯ ಮೇಲೇ ಇದೆ. ಯಾವ ಗಿರಾಕಿಯೂ ಅದನ್ನು ಇದುವರೆಗೆ ಓದಿಲ್ಲ, ಅದು ಬೇರೆ ಮಾತು. ರೋಣದ ಬಸ್ಸು ಬಂದರೆ ಹತ್ತು ಜನ, ನರಗುಂದದ ಬಸ್ಸು ಬಂದರೆ ನಾಲ್ಕು ಜನ ಇಳಿದು ನೇರ ನನ್ನ ಕಟ್ಟೆ ಹತ್ತುತ್ತಾರೆ. ಅವರ ಕೈಯಲ್ಲಿ ಡಾಕ್ಟರ ಚೀಟಿ ಇರುವುದು ಕಡಿಮೆ. ಮಡಿಲಿನಿಂದಲೋ ಅಂಗಿಯ ಕಿಸೆಯಿಂದಲೋ ಅವರು ತೆಗೆಯುವುದು ಖಾಲಿಯಾದ ಗುಳಿಗೆ ಶೀಟು. ನಮ್ಮ ಕಡೆ ಅದೇ ಚೀಟಿ.

ಈ ಪದ್ಧತಿಗೆ ಒಂದು ಶಿಸ್ತು ಕಲಿಸಿದವಳೂ ನಾನೇ. ಜಕ್ಕಲಿಯ ಕಳಕಪ್ಪ ಎಂಬ ಹಿರಿಯರು ಬಿಪಿ ರೋಗಿ. ಒಮ್ಮೆ ಬಂದು, ‘ಅಕ್ಕಾರ, ಕೆಂಪನ್ನ ಗುಳಿಗಿ ಕೊಡ್ರಿ’ ಎಂದರು. ನನ್ನ ಕಪಾಟಿನಲ್ಲಿ ಕೆಂಪು ಗುಳಿಗೆ ನಲವತ್ತು ನಮೂನೆಯವು. ‘ಯಾವ ಕೆಂಪರೀ ಯಜ್ಜಾರ?’ ಎಂದರೆ, ‘ಅದ ರೀ, ಮುಂಜಾನಿ ನುಂಗೂದು’ ಎಂದರು. ಶೀಟು ತಂದಿದ್ದರು ನಿಜ, ಆದರೆ ಹೆಸರು ಮುದ್ರಿಸಿದ ತುದಿಯನ್ನೇ ಹರಿದು ಬಿಸಾಕಿ, ಉಳಿದ ಬೆಳ್ಳಿಬಣ್ಣದ ತುಂಡನ್ನು ಜೋಪಾನವಾಗಿ ತಂದಿದ್ದರು. ಅಂದಿನಿಂದ ಪ್ರತಿಯೊಬ್ಬರಿಗೂ ಶೀಟು ಕೊಡುವಾಗ ಬೆರಳಿಟ್ಟು ತೋರಿಸಿ ಹೇಳತೊಡಗಿದೆ: ‘ಈ ಕಡಿಂದ ಚಾಲೂ ಮಾಡ್ರಿ. ಹೆಸರಿನ ತುದಿ ಗುಳಿಗಿ ಕಡೀಕ. ಹೊಸಾದು ಕೈಗೆ ಬರೂತನ ಅದನ್ನ ಒಡಿಬ್ಯಾಡ್ರಿ.’ ಹೆಸರಿನ ಗುಳಿಗೆಯೊಂದೇ ಉಳಿದಾಗ ಅಂಗಡಿಗೆ ಬರುವುದು, ಹೊಸ ಶೀಟು ಒಯ್ಯುವುದು, ಆಮೇಲೆ ಆ ಕೊನೆಯದನ್ನು ನುಂಗುವುದು. ಇಪ್ಪತ್ತು ವರ್ಷದಲ್ಲಿ ಮೂರು ತಾಲೂಕಿನ ಜನ ಇದನ್ನು ಬಾಯಿಪಾಠ ಮಾಡಿಕೊಂಡರು. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಇನ್ನು ನಿಮ್ಮ ನಿಯಮಕ್ಕೆ ಬರೋಣ. ನಾನು ಅದನ್ನು ಮೂರು ಸಲ ಓದಿದ್ದೇನೆ. ಇಡೀ ರಾಜ್ಯದಲ್ಲಿ ಅಷ್ಟು ಸಲ ಓದಿದವರು ನೀವೊಬ್ಬರು, ನಾನೊಬ್ಬಳು ಇರಬೇಕು. ಚೀಟಿ ಮೂವತ್ತು ದಿನಕ್ಕಿಂತ ಹಳೆಯದಿರಬಾರದು. ಔಷಧದ ಹೆಸರು ದೊಡ್ಡಕ್ಷರದಲ್ಲಿರಬೇಕು. ನಿದ್ದೆಯ ಗುಳಿಗೆ, ಮೂರ್ಛೆಯ ಗುಳಿಗೆಗಳಿಗೆ ತಜ್ಞ ವೈದ್ಯರದೇ ಚೀಟಿ ಬೇಕು. ಅದರ ಫೋಟೊ ತೆಗೆದು ನಿಮ್ಮ ಜಾಲತಾಣಕ್ಕೆ ಏರಿಸಬೇಕು, ರೋಗಿಯ ಮೊಬೈಲಿಗೆ ಒಟಿಪಿ ಬರಬೇಕು, ಅದನ್ನು ಒತ್ತಿದ ಮೇಲೆಯೇ ಗುಳಿಗೆಯನ್ನು ಕಪಾಟಿನಿಂದ ಇಳಿಸಬೇಕು. ಮೊದಲ ದಿನವೇ ಸಿದ್ದವ್ವ ಎಂಬ ಮುದುಕಿ ನನ್ನ ಕಟ್ಟೆಯ ಮೇಲೆ ಒಂದೂವರೆ ತಾಸು ಕೂತಳು. ಅವಳ ಮೊಬೈಲು ಮಗನ ಕಿಸೆಯಲ್ಲಿತ್ತು, ಮಗ ನರಗುಂದದ ಸಂತೆಯಲ್ಲಿದ್ದ. ‘ಓಟೀಪಿ ಅಂದ್ರ ಯಾವ ಗುಳಿಗಿನವಾ? ಅದನ್ನೂ ಒಂದು ಶೀಟ ಕೊಟ್ಟಬಿಡು’ ಎಂದು ಕೇಳಿದಳು. ನಾನು ನಕ್ಕೆ. ಆಗ ಇನ್ನೂ ನಗುವ ಹಾಗಿತ್ತು.

ನಿಮ್ಮ ಉದ್ದೇಶವನ್ನು ನಾನು ಹಂಗಿಸುತ್ತಿಲ್ಲ. ಕೆಮ್ಮಿನ ಔಷಧದ ಬಾಟಲಿಯನ್ನು ಶರಬತ್ತಿನಂತೆ ಕುಡಿದು ಹಾಳಾದ ಹುಡುಗರನ್ನು ನಾನೂ ಕಂಡಿದ್ದೇನೆ. ನಿದ್ದೆಗುಳಿಗೆ ಕೊಡಲಿಲ್ಲವೆಂದು ಒಬ್ಬ ನನ್ನ ಅಂಗಡಿಯ ಗಾಜಿಗೆ ಕಲ್ಲು ಹೊಡೆದಿದ್ದಾನೆ. ಹಾಗಾಗಿ ನಿಯಮದ ಕರಡು ಬಂದಾಗ, ವ್ಯಾಪಾರಸ್ಥರ ಸಭೆಯಲ್ಲಿ ಎಲ್ಲರೂ ಗೊಣಗುತ್ತಿದ್ದರೆ ನಾನೊಬ್ಬಳೇ ಎದ್ದುನಿಂತು, ಇದು ಬರಬೇಕಾದದ್ದೇ ಎಂದು ಭಾಷಣ ಮಾಡಿದೆ. ಆಕ್ಷೇಪಣೆ ಸಲ್ಲಿಸಲು ನೀವು ದೊಡ್ಡ ಮನಸ್ಸಿನಿಂದ ಮೂವತ್ತು ದಿನ ಕೊಟ್ಟಿದ್ದಿರಿ. ನಾನು ಒಂದು ಸಾಲೂ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಆ ಬಾಕಿಯನ್ನೇ.

ನಿಯಮ ಜಾರಿಯಾದ ಮೊದಲ ಶುಕ್ರವಾರ ಮೆಹನಾಜ ಬಂದಳು. ಇಪ್ಪತ್ನಾಲ್ಕು ವರ್ಷದ ಹುಡುಗಿ, ತಾಯಿ ರಾಜಮಾಳ ಜೊತೆ ಮನೆಯಲ್ಲೇ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಹದಿನೆಂಟರಲ್ಲಿ ಅವಳಿಗೆ ವಾರಕ್ಕೊಮ್ಮೆ ಫಿಟ್ಸ್ ಬರುತ್ತಿತ್ತು. ದಿನಕ್ಕೊಂದು ಗುಳಿಗೆಯಿಂದ ಅದು ನಿಂತು ಆರು ವರ್ಷವಾಗಿತ್ತು. ದುಪಟ್ಟದ ತುದಿಯ ಗಂಟು ಬಿಚ್ಚಿ ಶೀಟು ತೆಗೆದು ಕೌಂಟರಿನ ಮೇಲಿಟ್ಟಳು. ಒಂಬತ್ತು ಮನೆ ಖಾಲಿ, ಹೆಸರಿನ ತುದಿಯಲ್ಲಿ ಒಂದು ಗುಳಿಗೆ. ನಾನು ಕಲಿಸಿದ್ದಕ್ಕೆ ಸರಿಯಾಗಿ.

‘ಹೊಸಾ ಚೀಟಿ ತಂದೀಯೇನವಾ?’ ಎಂದೆ.

‘ಚೀಟಿ ನಿಮ್ಮ ಕಡೇನ ಐತೆಲ್ರಿ ಅಕ್ಕಾ, ಪ್ಲಾಸ್ಟಿಕ್ ಹಾಕಿಸಿ ಇಟ್ಟೀರೆಲ್ಲ.’

‘ಅದು ಹಳೇದಾತು. ಈಗ ಮೂವತ್ತು ದಿನದೊಳಗಿಂದ ಬೇಕು, ಅದೂ ತಲಿ ಡಾಕ್ಟರ ಬರದಿದ್ದು.’

‘ಆರು ವರ್ಷ ಆತು, ಒಂದ ಸಲಾನೂ ಬಂದಿಲ್ರಿ. ನಿಮಗ ಗೊತ್ತೈತೆಲ್ಲ.’

‘ನನಗ ಗೊತ್ತೈತಿ. ಸರಕಾರಕ್ಕ ಗೊತ್ತಾಗಬೇಕಲ್ಲ.’

‘ಸರಕಾರ ನಮ್ಮನಿಗೆ ಬಂದು ಮಗ್ಗದ ಬಾಜೂಕ ಕುಂಡ್ರತೈತೇನ್ರಿ?’ ಎಂದು ನಕ್ಕು, ‘ಆತು ಬಿಡ್ರಿ, ತರ್ತೀನಿ’ ಎಂದು ಶೀಟನ್ನು ಮತ್ತೆ ದುಪಟ್ಟದ ತುದಿಗೆ ಕಟ್ಟಿಕೊಂಡು ಹೋದಳು. ಅವಳಿಗೆ ಬೇಕಿದ್ದ ಗುಳಿಗೆಯ ಡಬ್ಬಿ ನನ್ನ ಬೆನ್ನ ಹಿಂದೆ ಎರಡನೇ ಅರೆಯಲ್ಲಿತ್ತು. ಕೈ ಚಾಚಿದರೆ ಸಿಗುವಷ್ಟು ದೂರ. ನಾನು ಕೈ ಚಾಚಲಿಲ್ಲ. ನಿಯಮ ಪಾಲಿಸಿದ ಸಮಾಧಾನದಲ್ಲಿ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಶನಿವಾರ ಅವಳು ಹತ್ತಿರದ ದವಾಖಾನೆಗೆ ಹೋದಳು. ಅಲ್ಲಿನ ಡಾಕ್ಟರು ಒಳ್ಳೆಯವರು. ಇಷ್ಟು ವರ್ಷ ಇಂಥ ಚೀಟಿಗಳನ್ನು ಅವರೇ ಬರೆಯುತ್ತಿದ್ದರು. ಆದರೆ ನಿಮ್ಮ ನಿಯಮದ ಪ್ರಕಾರ ಅವರು ಈಗ ತಜ್ಞರಲ್ಲ. ಮೂವತ್ತು ದಿನದ ಹಿಂದೆ ಅವರಿಗೆ ಗೊತ್ತಿದ್ದದ್ದು ಒಂದನೇ ತಾರೀಖಿನಿಂದ ಗೊತ್ತಿಲ್ಲದಂತಾಯಿತು. ‘ನನ್ನ ಕೈ ಕಟ್ಟ್ಯಾರವಾ’ ಎಂದು ಕಳಿಸಿದರಂತೆ. ಭಾನುವಾರ ಎಲ್ಲ ಕಡೆ ರಜೆ. ಮೂರ್ಛೆ ರೋಗಕ್ಕೆ ಮಾತ್ರ ರಜೆಯಿಲ್ಲ. ಆಮೇಲೆ ನಾನೇ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ವಿಚಾರಿಸಿದರೂ ಒಬ್ಬ ತಲೆಯ ತಜ್ಞರೂ ಸಿಕ್ಕಲಿಲ್ಲ. ದೊಡ್ಡ ಊರಿನ ಒಂದು ಆಸ್ಪತ್ರೆಗೆ ಮಂಗಳವಾರ ಮಾತ್ರ ಬರುವ ತಜ್ಞರೊಬ್ಬರಿದ್ದಾರೆ. ಮಂಗಳವಾರ ಮೊದಲ ಬಸ್ಸಿಗೆ ತಾಯಿ ಮಗಳು ಹೋದರು. ಬಾಗಿಲಿಗೆ ಕಾಗದ ಅಂಟಿಸಿತ್ತು: ವೈದ್ಯರು ಬೆಂಗಳೂರಿಗೆ ತರಬೇತಿಗೆ ತೆರಳಿದ್ದಾರೆ. ಯಾವ ತರಬೇತಿ ಎಂದು ಊಹಿಸಬಲ್ಲಿರಾ, ಮಾನ್ಯರೇ? ಹೊಸ ನಿಯಮದ ಪ್ರಕಾರ ಚೀಟಿ ಬರೆಯುವುದು ಹೇಗೆ ಎಂಬ ತರಬೇತಿ. ಏರ್ಪಡಿಸಿದವರು ನಿಮ್ಮ ಇಲಾಖೆಯವರೇ.

ಬುಧವಾರ ಬೆಳಿಗ್ಗೆ ಅವಳು ಮಗ್ಗಕ್ಕೆ ಕೂತಳು. ನಮ್ಮಲ್ಲಿ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಬಿದ್ದರೆ ಸರಿಯುವುದಕ್ಕೆ ಜಾಗವಿಲ್ಲ. ಒಲೆಯ ಮುಂದಿದ್ದ ರಾಜಮಾಳಿಗೆ ಮಗ್ಗದ ಸಪ್ಪಳ ನಿಂತದ್ದು ಕೇಳಿತು. ಓಡಿ ಬಂದು ನೋಡಿದರೆ, ಮಗಳು ಕಟ್ಟಿಗೆಯ ಹಲಗೆಗೆ ಹಾಯ್ದು ಬಿದ್ದು ಒದ್ದಾಡುತ್ತಿದ್ದಳು. ಮುರಿದದ್ದು ಬಲಗೈ. ಲಾಳಿಯ ಹಗ್ಗ ಎಳೆಯುವ ಕೈ.

ಸಂಜೆ ರಾಜಮಾ ಅಂಗಡಿಗೆ ಬಂದಳು. ಬೈಯಲಿಕ್ಕೆ ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ದುಪಟ್ಟದ ತುದಿಯಿಂದ ಬಿಚ್ಚಿದ ಅದೇ ಶೀಟನ್ನು ಕೌಂಟರಿನ ಮೇಲಿಟ್ಟಳು. ಒಂಬತ್ತು ಮನೆ ಖಾಲಿ. ಹೆಸರಿನ ತುದಿಯಲ್ಲಿ ಆ ಗುಳಿಗೆ ಹಾಗೇ ಇತ್ತು.

‘ಇದನ್ನರ ಯಾಕ ನುಂಗಲಿಲ್ಲ ರಾಜಮಾ?’ ಎಂದೆ.

‘ನೀವಽ ಹೇಳಿದ್ರೆಲ್ರಿ ಅಕ್ಕಾರ, ಹೊಸಾದು ಬರೂತನ ಹೆಸರಿನ ಗುಳಿಗಿ ಒಡಿಬ್ಯಾಡ್ರಿ ಅಂತ. ನಾನೂ ಅಂದೆ, ನುಂಗ ಬೇಟಿ ಅಂತ. ಒಡದ್ರ ಹೆಸರು ಹರೀತೈತಿ, ಆಮ್ಯಾಲೆ ಯಾ ಡಾಕ್ಟರಿಗೆ ಏನಂತ ತೋರಸೂದು ಅಂದ್ಲು. ಐದು ದಿನ ಗಂಟ ಕಟಗೊಂಡ ಅಡ್ಡಾಡಿದ್ಲು.’

ನಾನು ಅಂಗಡಿಯ ಒಳಗೆ ಹೋಗಿ, ಡಬ್ಬಿಗಳ ಸಂದಿಯಲ್ಲಿ ನಿಂತು ಅತ್ತೆ. ನಾಚಿಕೆ ಏನೂ ಇಲ್ಲ ಹೇಳಲು. ಮೂರು ತಾಲೂಕಿನ ಜನಕ್ಕೆ ನಾನು ಕಲಿಸಿದ ಜಾಣತನ ಆ ಹುಡುಗಿಯ ದುಪಟ್ಟದಲ್ಲಿ ಗಂಟಾಗಿ ಕೂತಿತ್ತು.

ಆ ಒಂದು ಗುಳಿಗೆ ನುಂಗಿದ್ದರೆ ಫಿಟ್ಸ್ ಬರುತ್ತಲೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಒಂದು ಗುಳಿಗೆ ಒಂದು ದಿನದ್ದು. ಅವಳಿಗೆ ಬೇಕಿದ್ದದ್ದು ಏಳು. ತಜ್ಞರು ತರಬೇತಿಯಿಂದ ಜ್ಞಾನಿಗಳಾಗಿ ಹಿಂತಿರುಗುವವರೆಗೆ ಏಳು ಗುಳಿಗೆ. ವಿಚಿತ್ರ ನೋಡಿ, ಈ ಏಳು ಎಂಬ ಸಂಖ್ಯೆ ನಿಮಗೂ ಒಮ್ಮೆ ಹೊಳೆದಿತ್ತು. ಸಭೆಯಲ್ಲಿ ನಮಗೆ ಹಂಚಿದ ಕರಡಿನ ಪ್ರತಿ ನನ್ನ ಬಳಿ ಈಗಲೂ ಇದೆ. ಹದಿನಾಲ್ಕನೇ ಪುಟದ ಕೊನೆಗೆ ಒಂದು ಸಾಲು: ದೀರ್ಘಕಾಲದಿಂದ ಒಂದೇ ಔಷಧ ಸೇವಿಸುತ್ತಿರುವ ಪರಿಚಿತ ರೋಗಿಗೆ, ಚೀಟಿಯ ಅವಧಿ ಮುಗಿದಿದ್ದರೂ, ಫಾರ್ಮಾಸಿಸ್ಟ್ ತನ್ನ ಸಹಿಯ ಜವಾಬ್ದಾರಿಯ ಮೇಲೆ ಏಳು ದಿನದ ಔಷಧ ಕೊಡಬಹುದು. ಅಂತಿಮ ನಿಯಮದಲ್ಲಿ ಆ ಸಾಲಿಲ್ಲ. ದುರುಪಯೋಗದ ಸಾಧ್ಯತೆ ಇರುವುದರಿಂದ ಕೈಬಿಡಲಾಗಿದೆ ಎಂದು ಟಿಪ್ಪಣಿ ಮಾತ್ರ ಇದೆ. ಯಾರ ದುರುಪಯೋಗ, ಮಾನ್ಯರೇ? ನನ್ನದೇ? ಮೆಹನಾಜಳದೇ? ಆರು ವರ್ಷ ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗಿದ ಹುಡುಗಿ ಏಳು ಗುಳಿಗೆಯಿಂದ ರಾಜ್ಯಕ್ಕೆ ಯಾವ ಗಂಡಾಂತರ ತರುತ್ತಿದ್ದಳು? ಅತ್ತ ಕೆಮ್ಮಿನ ಬಾಟಲಿಯ ಹುಡುಗರು ಎಂದಿನಂತೆ ಆರಾಮಾಗಿದ್ದಾರೆ. ಅವರು ಮೊದಲೂ ಚೀಟಿ ತೋರಿಸುತ್ತಿರಲಿಲ್ಲ, ಈಗಲೂ ತೋರಿಸುವುದಿಲ್ಲ. ಅವರಿಗೆ ಮಾಲು ಕೊಡುವವರ ಗೋಡೆಯ ಮೇಲೆ ಪ್ರಮಾಣಪತ್ರವೂ ಇಲ್ಲ. ನಿಮ್ಮ ಬಲೆಗೆ ಬಿದ್ದವರು ಕೇಳಿ ಪಡೆಯುವವರು, ಇಲ್ಲವೆಂದರೆ ಸುಮ್ಮನೆ ಹಿಂತಿರುಗುವವರು.

ಮಣಿಕಟ್ಟು ಮುರಿದ ಮೇಲೆ ಚೀಟಿ ಐದು ನಿಮಿಷದಲ್ಲಿ ಸಿಕ್ಕಿತು. ತರಬೇತಿ ಮುಗಿಸಿದ ತಜ್ಞರು ಮಂಗಳವಾರಕ್ಕೂ ಕಾಯದೆ ಮರುದಿನವೇ ಆಸ್ಪತ್ರೆಗೆ ಬಂದು ಹೆಸರು ದೊಡ್ಡಕ್ಷರದಲ್ಲಿ ಬರೆದು, ನೋಂದಣಿ ಸಂಖ್ಯೆ ಹಾಕಿ, ಮೊಹರು ಒತ್ತಿದರು. ನಾನು ಇಷ್ಟು ಚಂದದ ಚೀಟಿ ನೋಡಿಯೇ ಇರಲಿಲ್ಲ. ತರಬೇತಿ ಫಲ ಕೊಟ್ಟಿದೆ. ಆದರೆ ಆ ಚೀಟಿಗೆ ಇಂದು ಇಪ್ಪತ್ತೆರಡು ದಿನ. ಇನ್ನು ಎಂಟು ದಿನಕ್ಕೆ ಅದೂ ಹಳೆಯದಾಗುತ್ತದೆ. ನಿನ್ನೆ ಆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ‘ಬರೂ ಎರಡು ಮಂಗಳವಾರ ಸಾಹೇಬ್ರು ಇರಂಗಿಲ್ರಿ, ಟ್ರೇನಿಂಗಿಂದು ಎರಡನೇ ಸುತ್ತು ಐತಿ’ ಎಂದರು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಹದಿನಾಲ್ಕನೇ ಪುಟದ ಆ ಸಾಲನ್ನು ಎಂಟು ದಿನದೊಳಗೆ ವಾಪಸು ಸೇರಿಸಿ. ತೆಗೆಯಲು ಒಂದು ಪೆನ್ನು ಸಾಕಾಗಿದ್ದರೆ ಸೇರಿಸಲೂ ಅದೇ ಪೆನ್ನು ಸಾಕು. ನಿಮಗಾಗದಿದ್ದರೂ ಚಿಂತೆಯಿಲ್ಲ. ಒಂಬತ್ತನೆಯ ದಿನ ಮೆಹನಾಜ ಪ್ಲಾಸ್ಟರ್ ಹಾಕಿದ ಕೈಯಲ್ಲಿ ನನ್ನ ಕಟ್ಟೆ ಹತ್ತುತ್ತಾಳೆ, ನಾನು ಚೀಟಿ ಕೇಳುವುದಿಲ್ಲ, ಏಳು ಗುಳಿಗೆ ಕೊಡುತ್ತೇನೆ. ಬಿಲ್ಲಿನ ಮೇಲೆ ನನ್ನ ಹೆಸರು, ನೋಂದಣಿ ಸಂಖ್ಯೆ, ಸಹಿ ಮೂರೂ ಇರುತ್ತವೆ. ಇನ್‌ಸ್ಪೆಕ್ಟರರನ್ನು ಕಳಿಸುವುದಾದರೆ ಕಳಿಸಿ. ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ಬಂದವರು ಗೋಡೆಯ ಪ್ರಮಾಣಪತ್ರವನ್ನು ಇಳಿಸಿಕೊಂಡು ಹೋಗುವ ಮೊದಲು ಒಮ್ಮೆ ಓದಲಿ. ಇಪ್ಪತ್ತೆರಡು ವರ್ಷಕ್ಕೆ ಒಬ್ಬರಾದರೂ ಓದಿದಂತಾಗುತ್ತದೆ.

ನನ್ನ ಅಂಗಡಿಯಲ್ಲೂ ಒಂದು ತಿದ್ದುಪಡಿ ಆಗಿದೆ. ಈಗ ಶೀಟು ಕೊಡುವಾಗ ಹೇಳುತ್ತೇನೆ: ‘ಎಲ್ಲಾ ನುಂಗ್ರಿ. ಹೆಸರಿಂದೂ ನುಂಗ್ರಿ. ಹೆಸರು ನಾ ನೆನಪಿಡ್ತೀನಿ.’

ರಾಜಮಾ ಬಿಟ್ಟುಹೋದ ಆ ಶೀಟನ್ನು ಈ ಪತ್ರದ ಜೊತೆ ರಿಜಿಸ್ಟರ್ಡ್ ಅಂಚೆಯಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಹೆಸರಿನ ತುದಿಯ ಗುಳಿಗೆ ಅದರಲ್ಲಿದೆ. ಚೀಟಿ ಇಲ್ಲದೆ ಕಳಿಸಿದ್ದೇನೆ, ಕ್ಷಮೆಯಿರಲಿ.

ಇಂತಿ,
ನಿಮ್ಮ ನಿಯಮವನ್ನು ಒಂದು ಸಲ ಪೂರ್ತಿ ಪಾಲಿಸಿದ, ಇನ್ನೊಂದು ಸಲ ಪಾಲಿಸಲಾರದ,
ಅನ್ನಪೂರ್ಣೇಶ್ವರಿ
ಸದ್ಯಕ್ಕೆ ನೋಂದಾಯಿತ ಫಾರ್ಮಾಸಿಸ್ಟ್
ಬಸ್ ನಿಲ್ದಾಣದ ಎದುರು, ಗಜೇಂದ್ರಗಡ