ಏಪ್ರಿಲ್ ಇಪ್ಪತ್ತೈದು, ಸಿರೋಸ್

ಫೆಬ್ರವರಿ 10, 2008. ಭಾನುವಾರ
ಪೂಜೆ ಮುಗಿಸಿ ಬಂದೆವು. ವಾಷಿಂಗ್ ಮೆಷಿನ್‌ಗೆ ಬಟ್ಟೆ ಹಾಕಿದ್ದಾಯಿತು. ಡೊರೊಥಿಗೆ ನೈಟ್ ಶಿಫ್ಟ್, ಮಲಗಿದ್ದಾಳೆ.

ಚರ್ಚಿನ ಹೊರಗೆ ನಮ್ಮ ಊರವರ ಸಂಘದ ಆಲ್ರಾಯ್ ಹಿಡಿದುಕೊಂಡ. "ಲಾನ್ಸಿ ಅಂಕಲ್, ನಿಮ್ಮ ಮದುವೆಯ ಸಿಲ್ವರ್ ಜುಬಿಲಿಗೆ ಹಾಲ್ ಯಾವುದು?" ಹಾಲ್! ಸಿಡ್ನಿಯಲ್ಲಿ ನಮ್ಮವರ ಯಾವ ಮದುವೆಯೇ ಇರಲಿ, ಗ್ಲಾಸ್ ಹಿಡಿದು ಮದುಮಕ್ಕಳನ್ನು ಹೊಗಳಿ ಟೋಸ್ಟ್ ಹೇಳುವವನು ನಾನು. ಹಾಲ್‌ಗಳೆಲ್ಲ ನೋಡಿ ಸಾಕಾಗಿದೆ. "ಹಾಲ್ ಇಲ್ಲ ಮಾರಾಯ. ಗ್ರೀಸ್!" ಎಂದೆ. ಸುತ್ತ ನಿಂತವರೆಲ್ಲ ಗಪ್‌ಚುಪ್. ಆಹಾ...

ಡೊರೊಥಿಯದು ಒಂದೇ ಶರತ್ತು. "ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಆದ್ರೆ ಏಪ್ರಿಲ್ ಇಪ್ಪತ್ತೈದಕ್ಕೇ ಜುಬಿಲಿ ಪೂಜೆ ಆಗ್ಬೇಕು. ಮದುವೆ ಆದ ದಿನವೇ." ಅವಳು ಬಾಯಿಬಿಟ್ಟು ಕೇಳುವುದೇ ಅಪರೂಪ.

ಫೆಬ್ರವರಿ 19
ರೂಟ್ ರೆಡಿ. ಅಥೆನ್ಸ್. ಕೊರಿಂಥ್ — ಬೈಬಲಿನಲ್ಲಿ ಸಂತ ಪೌಲರು ಪತ್ರ ಬರೆದದ್ದು ಆ ಊರಿನವರಿಗೆ. ನಮ್ಮ ಮದುವೆಯಲ್ಲಿ ಅದನ್ನೇ ಓದಿದ್ದರು. ಬಂಡೆಗಳ ನೆತ್ತಿಯ ಮೇಲೆ ಮಠಗಳಿರುವ ಮೆತೆಯೋರಾ. ಆಮೇಲೆ ಪಿರೇಯಸ್ ಬಂದರಿನಿಂದ ಫೆರ್ರಿ — ಸಿರೋಸ್, ಸಾಂತೊರಿನಿ.

ಸಿರೋಸ್ ನನ್ನ ಮಾಸ್ಟರ್‌ಸ್ಟ್ರೋಕ್. ಗ್ರೀಸ್ ತುಂಬ ಆರ್ಥೊಡಾಕ್ಸ್ ಪಂಗಡದ ಕ್ರೈಸ್ತರು. ಈ ದ್ವೀಪದಲ್ಲಿ ಮಾತ್ರ ನಮ್ಮ ಕ್ಯಾಥೊಲಿಕರು ಬೇಕಾದಷ್ಟು. ಯಾವ ಟ್ರಾವೆಲ್ ಏಜೆಂಟ್ ಹುಡುಕಿ ಕೊಡುತ್ತಿದ್ದ? ಅಲ್ಲಿನ ಪಾದ್ರಿಗೆ ಇಮೇಲ್ ಕಳಿಸಿದೆ: ಏಪ್ರಿಲ್ 25, ಜುಬಿಲಿ ಪೂಜೆ. ಖುಷಿಗೆ ಎರಡು ಸಲ ಹೋಯಿತು.

ಮಾರ್ಚ್ 24
ನಿನ್ನೆ ಈಸ್ಟರ್. ಪೋರ್ಕ್ ತಿಂದು ಹೊಟ್ಟೆ ಇನ್ನೂ ಭಾರ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲದಲ್ಲಿ ಹೊರಟರೆ ಮಾಂಸ ಬೇಡ, ವೈನ್ ಬೇಡ ಎನ್ನುತ್ತಾಳೆ ಡೊರೊಥಿ. ಅದಕ್ಕೇ ಹೊರಡುವುದನ್ನು ಈಸ್ಟರ್ ಕಳೆದ ಮೇಲೆ ಇಟ್ಟದ್ದು. ತಲೆ ಬೇಕು ಇದಕ್ಕೆಲ್ಲ! ಟಿಕೆಟ್, ಫೆರ್ರಿ, ರೂಮು — ಎಲ್ಲ ಬುಕ್. ಪಾದ್ರಿಯದೇ ಉತ್ತರ ಇಲ್ಲ. ನೆನಪಿಸಿ ಇನ್ನೊಂದು ಮೇಲ್ ಹಾಕಿದೆ.

ಮಾರ್ಚ್ 29
ಮೆಲ್ಬರ್ನ್‌ನಿಂದ ಮಗ ಲಿಯೋನ್ ಫೋನ್. ಕ್ರೇಗಿಬರ್ನ್‌ನಲ್ಲಿ ಅವನ ಪಕ್ಕದ ಮನೆಯವರು ಸ್ತಾವ್ರೂಲಾ ಆಂಟಿ, ಗ್ರೀಕ್ ಅಜ್ಜಿ. ಅವರಿಗೆ ನನ್ನ ಪ್ಲಾನ್ ತೋರಿಸಿದನಂತೆ. ಬಿದ್ದು ಬಿದ್ದು ನಕ್ಕರಂತೆ.

"ಪಪ್ಪಾ, ಟ್ವೆಂಟಿ ಫಿಫ್ತ್ ಈಸ್ ಗುಡ್ ಫ್ರೈಡೇ."

"ಗುಡ್ ಫ್ರೈಡೇ ಹೋದ ವಾರ ಆಯ್ತಲ್ಲ!"

"ಅದು ನಮ್ದು, ಪಪ್ಪಾ. ಗ್ರೀಸ್‌ನಲ್ಲಿ ಆರ್ಥೊಡಾಕ್ಸ್ ಕ್ಯಾಲೆಂಡರ್, ನೆಕ್ಸ್ಟ್ ಮಂತ್. ಈವನ್ ದ ಕ್ಯಾಥೊಲಿಕ್ಸ್ ದೇರ್ ಫಾಲೋ ಇಟ್."

ಯಾವ ಚರ್ಚಿನಲ್ಲೂ ಪೂಜೆ ಇಲ್ಲದ ದಿನ ವರ್ಷಕ್ಕೆ ಅದೊಂದೇ. ಹುಟ್ಟಾ ಕ್ಯಾಥೊಲಿಕ್ ನಾನು, ಆ ದಿನಕ್ಕೇ ಪೂಜೆ ಕೇಳಿ ಪಾದ್ರಿಯ ಬೆನ್ನು ಹತ್ತಿದ್ದೇನೆ.

"ಮಮ್ಮಿಗೆ ಹೇಳ್ಬೇಡ" ಎಂದು ಫೋನ್ ಇಟ್ಟೆ.

ಏಪ್ರಿಲ್ 6. ಭಾನುವಾರ
ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಊಟ ಸೇರಲಿಲ್ಲ.

ಇವತ್ತು ಅವಳೇ ಕೇಳಿದಳು, ಯೂನಿಫಾರ್ಮ್ ಇಸ್ತ್ರಿ ಮಾಡುತ್ತಾ. "ಎಂತ ಮಾರಾಯ್ರೆ, ಗ್ರೀಸ್ ಸುದ್ದಿಯೇ ಇಲ್ಲ? ಚರ್ಚಲ್ಲಿ ಸಹ ಬಾಯಿಗೆ ಬೀಗ!"

ಹೇಳಿಬಿಟ್ಟೆ. "ಎಲ್ಲ ಕ್ಯಾನ್ಸಲ್ ಮಾಡ್ತೇನೆ. ಇಲ್ಲೇ ನಮ್ಮ ಫಾದರ್ ಹತ್ರ ಆ ದಿನಕ್ಕೇ ಪೂಜೆ ಇಡುವ. ಆಲ್ರಾಯ್ ಹಾಲ್ ನೋಡ್ತಾನೆ." ಊರೆಲ್ಲ ನಗಲಿ. ಒಂದೇ ಒಂದು ಕೇಳಿದ್ದಳು, ಅದನ್ನೇ ಕೆಡಿಸಿದೆನಲ್ಲ ಎಂದು ನಾಚಿಕೆ.

ಅವಳು ಕಾಲರ್ ಇಸ್ತ್ರಿ ಮುಗಿಸಿದಳು. "ಮದುವೆ ದಿನ ಬೆಳಿಗ್ಗೆ ನಾನು ಎಂತ ತಿಂದಿದ್ದೆ, ಗೊತ್ತುಂಟಾ?"

ಗೊತ್ತಿರಲಿಲ್ಲ.

"ಒಂದು ತುತ್ತೂ ಇಲ್ಲ. ಪೂಜೆಯಲ್ಲಿ ಕಮ್ಯುನಿಯನ್ ತಗೊಳ್ಳುವವರೆಗೆ ಉಪವಾಸ ಅಂತ ಅಮ್ಮ ಚಾ ಸಹ ಕೊಡ್ಲಿಲ್ಲ. ನೀವು ಉಂಗುರ ಹಾಕುವಾಗ ನನ್ನ ಹೊಟ್ಟೆ ತಾಳ ಹಾಕ್ತಾ ಇತ್ತು." ನಕ್ಕಳು. "ಗುಡ್ ಫ್ರೈಡೇ ಅಲ್ವಾ, ಇನ್ನೊಮ್ಮೆ ಉಪವಾಸ ಇರ್ತೇನೆ. ಈ ಸಲ ನೀವು ಸಹ."

"ಆ ದಿನವೇ ಪೂಜೆ ಆಗ್ಬೇಕು ಅಂದಿದ್ದೆ..."

"ಪೂಜೆ ಈಸ್ಟರ್‌ಗೆ ಆಗ್ಲಿ. ಆ ದಿನ ಇಬ್ರೂ ಒಟ್ಟಿಗೆ ಹೋಗಿ ಶಿಲುಬೆಗೆ ಮುತ್ತು ಕೊಡುವ. ಅದಕ್ಕಿಂತ ದೊಡ್ಡ ಆಶೀರ್ವಾದ ಯಾವುದುಂಟು?"

ನನಗೆ ಮಾತೇ ಹೊರಡಲಿಲ್ಲ. ನನಗೆ!

ಏಪ್ರಿಲ್ 8
ಪಾದ್ರಿಯ ಉತ್ತರ ಬಂತು. ಅವರಲ್ಲಿ ಇನ್ನೂ ತಪಸ್ಸಿನ ಕಾಲ, ಪುರುಸೊತ್ತಿಲ್ಲ, ಪಾಪ. ಶುಕ್ರವಾರ ಸಂಜೆ ಮೇಣದಬತ್ತಿ ಹಿಡಿದು ಮೆರವಣಿಗೆಗೆ ಬನ್ನಿ, ಭಾನುವಾರ ಈಸ್ಟರ್ ಪೂಜೆಯಲ್ಲಿ ಎಲ್ಲರೆದುರು ಆಶೀರ್ವಾದ ಮಾಡುತ್ತೇನೆ ಎಂದಿದ್ದಾರೆ. ಆ ದಿನ ಊರಿಗೆ ಊರೇ ಕುರಿಮರಿ ಸುಡುತ್ತದಂತೆ!

ಸಾಂತೊರಿನಿ ಫೆರ್ರಿ ಮುಂದೆ ಹಾಕಿಸಿದೆ. ಕೂಡಲೇ ಆಲ್ರಾಯ್‌ಗೆ ಫೋನ್. "ನಿಮ್ಮ ಹಾಲ್‌ನಲ್ಲಿ ಎಷ್ಟು ಜನ ಹಿಡೀತಾರೆ ಮಾರಾಯ? ನಮ್ಮ ಜುಬಿಲಿಗೆ ಇಡೀ ಗ್ರೀಸ್‌ನಲ್ಲಿ ಹಬ್ಬ!" ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಏಪ್ರಿಲ್ 18. ಕ್ರೇಗಿಬರ್ನ್
ಲಿಯೋನ್ ಮನೆ. ಮೆಲ್ಬರ್ನ್‌ನಿಂದಲೇ ಫ್ಲೈಟ್. ಸ್ತಾವ್ರೂಲಾ ಆಂಟಿ ಬಂದು, ಸಿರೋಸ್‌ನಲ್ಲಿ ತನ್ನ ಹೆಸರಿನಲ್ಲೂ ಹಚ್ಚಿ ಎಂದು ಡೊರೊಥಿಗೆ ಒಂದು ಮೇಣದಬತ್ತಿ ಕೊಟ್ಟರು. ನನ್ನತ್ತ ಕಣ್ಣು ಮಿಟುಕಿಸಿ, "ಗುಡ್ ಫ್ರೈಡೇಗೆ ಪಾರ್ಟಿ ಇಟ್ಟ ಜಾಣ ಇವನೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹೌದು, ಪ್ಲಾನ್ ಎಲ್ಲ ಇವರದ್ದೇ" ಎಂದಳು ಡೊರೊಥಿ. ಎಂಥ ಗತ್ತಿನಿಂದ ಹೇಳಿದಳು! ಎದೆ ಉಬ್ಬಿತು.

ಈಸ್ಟರ್ ಊಟಕ್ಕೆ ಟೋಸ್ಟ್ ಹೇಳಬೇಕಲ್ಲ, ಯಾರು? ಊರವರ ಹೆಂಡಂದಿರನ್ನೆಲ್ಲ ಮೈಕಿನಲ್ಲಿ ಹೊಗಳಿದ್ದೇನೆ. ನನ್ನವಳ ಬಗ್ಗೆ ಒಂದು ಮಾತೂ ಆಡಿದವನಲ್ಲ. ಈಗ ಬರೆಯಲು ಕೂತರೆ ಹಳೆಯ ಜೋಕು ಯಾವುದೂ ಹೊಂದುತ್ತಿಲ್ಲ. ಬರೆದದ್ದೆಲ್ಲ ಹೊಡೆದು ಹಾಕಿದೆ.

ಹೊರಗೆ ಹಾರ್ನ್. "ಪಪ್ಪಾ, ವಿ ಆರ್ ಲೇಟ್!" ಬಂದೆ, ಬಂದೆ...

ಲೇಡೀಸ್ ಆಂಡ್ ಜೆಂಟಲ್‌ಮೆನ್, ನಾನು ಲಾನ್ಸಿ. ಈ ಡೊರೊಥಿಯ ಗಂಡ. ಇದಕ್ಕಿಂತ ದೊಡ್ಡ ಆಶೀರ್ವಾದ —