ಅಮಾನತು

ಮಾರ್ಚ್ ೧೧, ಗುರುವಾರ

ಮುದ್ದಿನ ತಂಗಿಗೆ,

ಹೇಗಿದ್ದೀಯ? ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಂತು ಉಸಿರೆಳೆದುಕೊಳ್ಳಬೇಕಾ? ಮೊದಲು ಅದನ್ನು ಬರೆ, ಮಿಕ್ಕಿದ್ದೆಲ್ಲ ಆಮೇಲೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆನೆಂದು ಮುನಿಸಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಯಾವುದೋ ಕೆಲಸ ನೆನಪಾಗುತ್ತಿತ್ತು. ನೆನಪಾಗದಿದ್ದರೆ ನಾನೇ ಒಂದನ್ನು ಹುಡುಕಿಕೊಳ್ಳುತ್ತಿದ್ದೆ.

ನಿನ್ನ ಭಾವನ ಸುದ್ದಿ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅವರನ್ನು ಕೆಲಸದಿಂದ ಅಮಾನತು ಮಾಡಿದ್ದರು. ಗಾಬರಿಯಾಗಬೇಡ, ವಿಚಾರಣೆ ಮುಗಿಯಿತು, ಸೋಮವಾರದಿಂದ ಮತ್ತೆ ಪಂಪ್‌ಹೌಸಿಗೆ ಹೋಗುತ್ತಾರೆ. ನೀನು ಪಿಟ್ಟಿಯನ್ನು ಕರೆದುಕೊಂಡು ಹೋದ ದಿನವೇ ಅದು ಆದದ್ದು. ನಿಮ್ಮನ್ನು ಬಸ್ಸು ಹತ್ತಿಸಿದವರು ಮನೆಗೂ ಬರಲಿಲ್ಲ, ನೇರ ಕೆಲಸಕ್ಕೆ ಹೋದರು. ಮೇಲಿನ ತೊಟ್ಟಿಗೆ ನೀರು ಬಿಟ್ಟು ಸ್ಟೂಲಿನ ಮೇಲೆ ಕೂತರಂತೆ. ತೊಟ್ಟಿ ತುಂಬಿತು, ಉಕ್ಕಿತು, ನೀರು ಗೇಟು ದಾಟಿ ಬೀದಿಗಿಳಿದು ದರ್ಜಿಯ ಅಂಗಡಿಗೆ ನುಗ್ಗಿತು. ದರ್ಜಿ ಓಡಿಬಂದು ವಾಲ್ವು ತಿರುಗಿಸುವವರೆಗೆ ಇವರು ಕೂತೇ ಇದ್ದರು. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಇಂಜಿನಿಯರು ಕೂಗಾಡಿದರೆ ಇವರ ಉತ್ತರ ಕೇಳು: "ಎಲ್ಲೂ ಹೋಗಿರ್ಲಿಲ್ಲ ಸಾರ್. ನೀರು ನೋಡ್ತಾ ಇದ್ದೆ."

ಕುಡಿದಿದ್ದರೇನೋ ಎಂದು ಬಾಯಿ ಮೂಸಿ ನೋಡಿದರಂತೆ. ನಮ್ಮ ಮನೆಯವರನ್ನು! ಹೋಗಲಿ ಬಿಡು.

ತಮಾಷೆ ಏನೆಂದರೆ, ಅವರ ಕೈಗೆ ಆದೇಶ ಬಂದ ವಾರವೇ ನಮ್ಮ ನಿಘಂಟು ಕಚೇರಿಯಲ್ಲಿ ನನ್ನ ಮೇಜಿಗೆ ಅದೇ ಪದ ಬಂತು. ಹೊಸ ಆವೃತ್ತಿಗೆ ಮೊದಲಿನಿಂದ ತಿದ್ದುತ್ತಿದ್ದೇವಲ್ಲ, 'ಅ' ಇನ್ನೂ ಮುಗಿದಿಲ್ಲ. ನನಗೂ ಅಮಾನತು ಎಂದರೆ ಕೆಲಸದಿಂದ ಹೊರಗಿಡುವುದು, ಅಷ್ಟೇ ಗೊತ್ತಿದ್ದದ್ದು. ಆಗಾಗ ಕಚೇರಿಗೆ ಬಂದು ಸಲಹೆ ಕೊಡುವ ಅರಬ್ಬಿ ಮೇಷ್ಟ್ರು ಚಹಾ ಆರಿಸಿಕೊಳ್ಳುತ್ತ ಬಿಡಿಸಿ ಹೇಳಿದರು. ಇದು ಅರಬ್ಬಿಯ ನಾಮಪದ, ಬೇರಿನಲ್ಲಿರುವುದು ನಿರ್ಭಯ, ಸುರಕ್ಷೆ ಎಂಬ ಅರ್ಥ. ಈಮಾನ್ ಎಂದರೆ ನಂಬಿಕೆ, ಅದೂ ಇದೇ ಬೇರಿನದು. ಅಮೀನ ಎಂದರೆ ನಂಬಿಕಸ್ಥ, ಅವನೂ ಇದೇ ಮನೆಯವನು. ನಮ್ಮಲ್ಲಿ ಅವನು ಕೋರ್ಟಿನಿಂದ ಮನೆ ಜಪ್ತಿಗೆ ಬರುವವನಾಗಿಬಿಟ್ಟ ಎಂದು ಮೇಷ್ಟ್ರು ನಕ್ಕರು. ಅಮಾನತು ಎಂದರೆ ಮೂಲದಲ್ಲಿ ಆ ನಂಬಿಕೆಯ ಗುಣ. ಜೊತೆಗೆ, ಕಾಯ್ದುಕೊಡುತ್ತಾರೆಂದು ನಂಬಿ ಒಬ್ಬರ ವಶಕ್ಕೆ ಬಿಟ್ಟದ್ದು. ಅಲ್ಲಿಂದ ಠೇವಣಿ ಎಂಬ ಅರ್ಥಕ್ಕೆ ಬಂದು, ಆಮೇಲೆ ಸದ್ಯಕ್ಕೆ ಬದಿಗಿಟ್ಟದ್ದಕ್ಕೂ ಅದೇ ಮಾತಾಗಿ, ಈಗ ನೌಕರನನ್ನು ಬದಿಗಿಡುವುದೊಂದೇ ಜನರ ಬಾಯಲ್ಲಿ ಉಳಿದಿದೆ.

ಯಾವ ಅರ್ಥ ಮೊದಲು ಎಂದು ಸಂಪಾದಕರಿಗೂ ಮೇಷ್ಟ್ರಿಗೂ ಒಂದು ಮಧ್ಯಾಹ್ನವಿಡೀ ಜಗಳ. ಬಳಕೆಯಲ್ಲಿರುವುದೇ ಮೊದಲು ಎಂದು ಸಂಪಾದಕರು, ತಾಯಿಬೇರನ್ನು ಕೊನೆಗೆ ತಳ್ಳಬಾರದು ಎಂದು ಮೇಷ್ಟ್ರು. ಕೊನೆಗೆ ಮೇಷ್ಟ್ರು ಗೆದ್ದರು. ಅರ್ಥ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ನಂಬಿ ಒಪ್ಪಿಸಿದ್ದು, ಕೇಳಿದಾಗ ಹಿಂದಿರುಗಿಸಬೇಕಾದದ್ದು' ಎಂದು ಬರೆದೆ. ಕೆಳಗೆ ಉದಾಹರಣೆಗೆ ಒಂದು ವಾಕ್ಯ ಬೇಕು. ನನ್ನ ಕೈಯಲ್ಲಿ ಆಗಲಿಲ್ಲ. ಸಂಪಾದಕರೇ ಒಡವೆಯ ಪೆಟ್ಟಿಗೆಯ ಮೇಲೆ ಏನೋ ಬರೆದುಕೊಂಡರು.

ಸಂಜೆ ಮನೆಗೆ ಬಂದು ನಿನ್ನ ಭಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು ಪಿಟ್ಟಿಯ ಸಣ್ಣ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಓಡಿಸುವವರಿಲ್ಲದ ಸೈಕಲ್ಲಿಗೆ ಎಣ್ಣೆ ಯಾಕೆ ಎಂದು ನಾನು ಕೇಳಲಿಲ್ಲ. "ಹಂಗಾದ್ರೆ ನನ್ನನ್ನ ಜೋಪಾನವಾಗಿ ಇಟ್ಟವ್ರೆ ಅಂತಾಯ್ತು" ಎಂದು ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು ನೋಡಿ ನನಗೂ ನಗು ಬಂತು. ಸ್ವಲ್ಪ ಹೊತ್ತು ಪೆಡಲು ತಿರುಗಿಸುತ್ತ ಕೂತು ಮೆಲ್ಲಗೆ ಕೇಳಿದರು:

"ಅಂಥದ್ದನ್ನ ಕೇಳಿದ ತಕ್ಷಣ ಕೊಟ್ಟುಬಿಡಬೇಕಾ?"

"ಹೌದು. ಅದರ ಅರ್ಥಾನೇ ಅದು."

"ಕಾಯ್ದವರಿಗೆ ಏನಂತಾರೆ?"

ನಂಬಿಕಸ್ಥ ಎಂದೆ. ಅವರು ಎಣ್ಣೆ ಕೈ ತೊಳೆಯಲು ಎದ್ದುಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು.

ತಪ್ಪು ತಿಳಿಯಬೇಡ ಕಣೆ. ಎದೆಯ ಕಾಯಿಲೆ ಎಂದು ದೂರದ ಆಸ್ಪತ್ರೆಗೆ ಹೊರಟಾಗ ನೀನು ಹಾಲು ಬಿಡದ ಕೂಸು ಪಿಟ್ಟಿಯನ್ನು ನನ್ನ ಮಡಿಲಿಗೆ ಹಾಕಿ, "ಗುಣ ಆದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಕ್ಕ" ಎಂದೆ. ನೀನು ಬದುಕುವ ಭರವಸೆ ಡಾಕ್ಟರಿಗೂ ಇರಲಿಲ್ಲ, ಕೂಸಿನ ಅಪ್ಪ ನಿನ್ನ ಹಾಸಿಗೆ ಬಿಟ್ಟು ಕದಲುವಂತಿರಲಿಲ್ಲ. ಕಾಯಿಲೆ ವಾಸಿಯಾಗಿ, ಮರುಕಳಿಸಿ, ಮತ್ತೆ ವಾಸಿಯಾಗುವಷ್ಟರಲ್ಲಿ ಅವಳು ನಡೆದಳು, ಓದಲು ಕಲಿತಳು, ನಮ್ಮಿಬ್ಬರ ಮಾತಿಗೆ ಎದುರುತ್ತರ ಕೊಡುವಷ್ಟಾದಳು. ಅಷ್ಟು ವರ್ಷವೂ ನಿನ್ನನ್ನು ಬದುಕಿಸಿಕೊಡು ಎಂದೇ ನಾನು ದೇವರಲ್ಲಿ ಬೇಡಿದ್ದು. ನೀನು ಬದುಕಿದೆ, ಹೇಳಿದಂತೆಯೇ ಬಂದೆ. ಬಾಗಿಲಲ್ಲಿ ನಿನ್ನ ಗಲ್ಲ ತುಂಬಿಕೊಂಡದ್ದು ನೋಡಿ ಎಷ್ಟು ಹಿಗ್ಗಿದೆನೋ ನನಗೇ ಗೊತ್ತು. ಆಮೇಲೆ ನಿನ್ನ ಕೈಯಲ್ಲಿದ್ದ ಖಾಲಿ ಪೆಟ್ಟಿಗೆ ನೋಡಿದೆ.

ಅವಳನ್ನು ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿಸಬೇಡ, ಸಿಡುಕುತ್ತಾಳೆ. ಮುಖ ತೊಳೆದ ಮೇಲೆ ತಾನೇ ಬಂದು ಅಂಟಿಕೊಳ್ಳುತ್ತಾಳೆ. ನಿನ್ನನ್ನು ಹೊಸಬಳಂತೆ ನೋಡಿದರೆ ನೊಂದುಕೊಳ್ಳಬೇಡ, ಬೇಗ ಹೊಂದಿಕೊಳ್ಳುತ್ತಾಳೆ. ಮಾತ್ರೆ ತಪ್ಪಿಸಬೇಡ. ನಿನ್ನ ಎದೆ ಗಟ್ಟಿಯಾಗಿರಲಿ, ಅವಳ ಹಿಂದೆ ಓಡುವಷ್ಟು ಕಾಲಲ್ಲಿ ಬಲ ಬರಲಿ, ನಿಮ್ಮ ಮನೆ ತುಂಬ ಅವಳ ಗದ್ದಲ ಇರಲಿ. ನಿನ್ನ ಯಜಮಾನರಿಗೆ ನಮ್ಮಿಬ್ಬರ ನಮಸ್ಕಾರ ಹೇಳು.

ಇಂತಿ,
ನಿನ್ನ ಅಕ್ಕ

ತಾ.ಕ.: ಭಾನುವಾರ ಫೋನಿನಲ್ಲಿ ಪಿಟ್ಟಿ ನನ್ನನ್ನು 'ದೊಡ್ಡಮ್ಮ' ಎಂದಳು. ಇಷ್ಟು ವರ್ಷ ಅಮ್ಮ ಎಂದ ಬಾಯಿ, ಒಂದು ಸಲ ತಡವರಿಸಿ ಪಾಠ ಒಪ್ಪಿಸಿದ ಹಾಗೆ ಹೇಳಿತು. ನೀನು ಹೇಳಿಕೊಟ್ಟದ್ದರಲ್ಲಿ ತಪ್ಪಿಲ್ಲ. ಅಮ್ಮನ ಅಕ್ಕ ದೊಡ್ಡಮ್ಮನೇ. ನಾನೂ ಓಗೊಟ್ಟೆ. ನೀನು ಒಳಗೆ ಹೋದೆಯೆಂದು ಕಾಣುತ್ತದೆ, ಅವಳು ದನಿ ತಗ್ಗಿಸಿ, "ಇಲ್ಲಿ ಈಗ ಯಾರೂ ಇಲ್ಲ, ಅಮ್ಮ ಅನ್ಲಾ?" ಎಂದು ಕೇಳಿದಳು. ಅವಳನ್ನು ಗದರಬೇಡ. ನಾನು ಬೇಡ ಎಂದೆ.